ಪೆಂಟಿಯಂ 3 ಕಾಲದ ಡೆಸ್ಕ್‌ಟಾಪಿಗೆ ಯಾವ ಸಾಫ್ಟ್‌ವೇರ್ ಹಾಕಬೇಕು? ಒಂದು ಸಮಗ್ರ ಮಾರ್ಗದರ್ಶಿ

ಈ ಬರಹ 1998ರಿಂದ 2002ರ ನಡುವೆ ಕೊಂಡ ಡೆಸ್ಕ್‌ಟಾಪ್‌ಗಳ ಬಗ್ಗೆ: ಪೆಂಟಿಯಂ 2, ಪೆಂಟಿಯಂ 3, ಆ ಕಾಲದ ಸೆಲೆರಾನ್, ಎಎಂಡಿ ಕೆ6-2. ಕರ್ನಾಟಕದ ಡಿಟಿಪಿ ಅಂಗಡಿಗಳು, ಸಣ್ಣ ಮುದ್ರಣಾಲಯಗಳು, ಸಹಕಾರ ಸಂಘಗಳು, ಲೆಕ್ಕಪತ್ರದ ಕಚೇರಿಗಳು ವರ್ಷಗಟ್ಟಲೆ ಇವುಗಳ ಮೇಲೆ ಕೆಲಸ ಮಾಡಿವೆ. ಅಟ್ಟ ಸೇರಿದ ಇಂಥ ಯಂತ್ರಗಳ ಹಾರ್ಡ್‌ಡಿಸ್ಕಿನಲ್ಲಿ ಪುಟ ವಿನ್ಯಾಸದ ಪೇಜ್‌ಮೇಕರ್ ಪುಟಗಳು, ನುಡಿ ಅಥವಾ ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಸ್ಮರಣ ಸಂಚಿಕೆಗಳು, ಟ್ಯಾಲಿ ಲೆಕ್ಕಗಳು ಇನ್ನೂ ಕೂತಿರುತ್ತವೆ. ಅವು ಸರಿಯಾಗಿ ತೆರೆದುಕೊಳ್ಳುವುದು ಆ ಕಾಲದ ಸಾಫ್ಟ್‌ವೇರಿನಲ್ಲೇ. ಹಾಗಾಗಿ ಹಳೆಯ ಯಂತ್ರವನ್ನು ಎಬ್ಬಿಸಿ ಕೂರಿಸುವುದು ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ.

ಸಾಫ್ಟ್‌ವೇರ್ ಆರಿಸುವಾಗ ಒಂದು ನಿಯಮ ಹಿಡಿದುಕೊಂಡರೆ ಸಾಕು: ಯಂತ್ರ ಕೊಂಡ ವರ್ಷಕ್ಕಿಂತ ಒಂದೆರಡು ವರ್ಷ ಹಿಂದಿನ ಆವೃತ್ತಿ ಹಾಕಿ. ಸಿಡಿ ಡಬ್ಬಿಯ ಮೇಲೆ ಅಚ್ಚಾದ ‘ಕನಿಷ್ಠ ಅಗತ್ಯ’ ಎಂದರೆ ಪ್ರೋಗ್ರಾಂ ತೆರೆದುಕೊಳ್ಳಲು ಬೇಕಾದಷ್ಟು ಮಾತ್ರ, ನೆಮ್ಮದಿಯಾಗಿ ಕೆಲಸ ಮಾಡಲು ಬೇಕಾದಷ್ಟಲ್ಲ. 128 ಎಂಬಿ ರ‍್ಯಾಮ್ ಇರುವ ಪೆಂಟಿಯಂ 3ರಲ್ಲಿ ಆಫೀಸ್ 97 ಕ್ಲಿಕ್ ಮಾಡಿದೊಡನೆ ತೆರೆಯುತ್ತದೆ. ಅದೇ ಯಂತ್ರಕ್ಕೆ ಎಕ್ಸ್‌ಪಿ ಮತ್ತು ಆಫೀಸ್ ಎಕ್ಸ್‌ಪಿ ಹಾಕಿದರೆ ಹಾರ್ಡ್‌ಡಿಸ್ಕಿನ ದೀಪ ಆರುವುದೇ ಇಲ್ಲ.

ವಿದ್ಯುತ್ ಕೊಡುವ ಮೊದಲು

ಕ್ಯಾಬಿನೆಟ್ ಬಿಚ್ಚಿ, ಧೂಳು ತೆಗೆದು, ಪ್ರೊಸೆಸರ್ ಸುತ್ತಲಿನ ಕೆಪಾಸಿಟರುಗಳನ್ನು ನೋಡಿ. ತಲೆ ಉಬ್ಬಿದ್ದರೆ ಅಥವಾ ಕಂದು ಅಂಟು ಸೋರಿದ್ದರೆ ಆ ಬೋರ್ಡು ರಿಪೇರಿಗೆ ಹೋಗಬೇಕು. ಯಾವ ಸಾಫ್ಟ್‌ವೇರ್ ಹಾಕಿದರೂ ಅದು ನಡುವೆ ನಿಲ್ಲುತ್ತದೆ. ಆಮೇಲೆ ಯಂತ್ರಕ್ಕೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಪರೀಕ್ಷಿಸಿ. ಮಲ್ಟಿಮೀಟರಿನಲ್ಲಿ ಕೆಂಪು ತಂತಿ 4.75ರಿಂದ 5.25 ವೋಲ್ಟ್, ಹಳದಿ ತಂತಿ 11.4ರಿಂದ 12.6 ವೋಲ್ಟ್ ತೋರಿಸಬೇಕು. ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿಯನ್ನು ಕಣ್ಣು ಮುಚ್ಚಿ ಬದಲಿಸಿ. ಬ್ಯಾಟರಿ ಸತ್ತಿದ್ದರೆ ಬಯೋಸ್ (ಯಂತ್ರವನ್ನು ಶುರುಮಾಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಪ್ರತಿ ಸಲವೂ ಸೆಟ್ಟಿಂಗ್ ಮರೆಯುತ್ತದೆ, ತಾರೀಖು ಹಿಂದಕ್ಕೆ ಹೋಗುತ್ತದೆ, ಟ್ಯಾಲಿಯಂಥ ತಾರೀಖನ್ನೇ ನಂಬಿದ ಪ್ರೋಗ್ರಾಂಗಳು ಎಡವಟ್ಟು ಮಾಡುತ್ತವೆ.

ರ‍್ಯಾಮ್ ಹೆಚ್ಚಿಸುವುದಾದರೆ ಬೋರ್ಡಿನ ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ನೋಡಿಕೊಳ್ಳಿ. ಇಂಟೆಲ್ 810 ಮತ್ತು 815 ಬೋರ್ಡುಗಳು 512 ಎಂಬಿಗಿಂತ ಹೆಚ್ಚು ಒಪ್ಪುವುದಿಲ್ಲ. 440ಬಿಎಕ್ಸ್ ಬೋರ್ಡಿಗೆ ಕಡಿಮೆ ಚಿಪ್ಪಿನ 256 ಎಂಬಿ ಮಾಡ್ಯೂಲ್ ಹಾಕಿದರೆ ಅರ್ಧವೇ ಕಾಣುತ್ತದೆ. ಎರಡೂ ಬದಿ ಎಂಟೆಂಟು ಚಿಪ್ ಇರುವುದನ್ನೇ ಕೊಳ್ಳಿ. ವಿಂಡೋಸ್ 98ಕ್ಕೆ 256 ಎಂಬಿ ಧಾರಾಳ.

ಹಳೆಯ ಡಿಸ್ಕಿನ ಇಮೇಜ್ ತೆಗೆಯುವುದು

ಇಮೇಜ್ ಎಂದರೆ ಇಡೀ ಡಿಸ್ಕಿನ ಯಥಾವತ್ ನಕಲು ಇರುವ ಒಂದು ಕಡತ. ಇದನ್ನು ಬಿಟ್ಟು ಮುಂದಿನದ್ದು ಮಾಡಬೇಡಿ. ಇಪ್ಪತ್ತು ವರ್ಷ ಸುಮ್ಮನಿದ್ದ ಹಾರ್ಡ್‌ಡಿಸ್ಕ್ ಒಮ್ಮೆ ತಿರುಗಿ, ಎರಡನೇ ಸಲ ತಿರುಗದೇ ಇರುವುದು ಸಾಮಾನ್ಯ. ಆದ್ದರಿಂದ ಅದರಿಂದ ವಿಂಡೋಸ್ ಬೂಟ್ ಮಾಡಿ ನೋಡುವ ಆಸೆಯನ್ನು ತಡೆದುಕೊಳ್ಳಿ.

ಡಿಸ್ಕನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು, ಅದರ ಪಿನ್ನುಗಳ ಮೇಲಿನ ಜಂಪರ್ ಎಂಬ ಚಿಕ್ಕ ಕ್ಲಿಪ್ಪನ್ನು ಮಾಸ್ಟರ್ ಸ್ಥಾನಕ್ಕೆ ಹಾಕಿ, ಐಡಿಇ (ಆ ಕಾಲದ ಡಿಸ್ಕಿನ ಜೋಡಣೆ)–ಯುಎಸ್‌ಬಿ ಅಡಾಪ್ಟರ್ ಮೂಲಕ ಇವತ್ತಿನ ಕಂಪ್ಯೂಟರಿಗೆ ಜೋಡಿಸಿ. ಅಡಾಪ್ಟರಿನ ಜೊತೆ ಪ್ರತ್ಯೇಕ ಪವರ್ ಅಡಾಪ್ಟರ್ ಇರಲೇಬೇಕು. 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯಿಂದ ಅದು ಸಿಗುವುದಿಲ್ಲ. ಹೊಸ ವಿಂಡೋಸ್ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ’ ಎಂದು ಕೇಳಿದರೆ ಯಾವ ಕಾರಣಕ್ಕೂ ಒಪ್ಪಬೇಡಿ. ಈ ಅಪಾಯವೇ ಬೇಡವೆಂದರೆ ಲಿನಕ್ಸ್ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ನಕಲು ಪ್ರೋಗ್ರಾಂ ಬಳಸಿ. ಅದು ಓದಲಾಗುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಸೆಕ್ಟರುಗಳಿಗೆ ಆಮೇಲೆ ಮರಳುತ್ತದೆ. ಮ್ಯಾಪ್ ಕಡತದ ಹೆಸರನ್ನು ಕೊಡಲು ಮರೆಯಬೇಡಿ. ಅದಿದ್ದರೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಇಮೇಜ್ ಸಿಕ್ಕ ಮೇಲೆ ಎರಡು ಕಡೆ ಇಟ್ಟುಕೊಂಡು, ಮೂಲ ಡಿಸ್ಕನ್ನು ಹೆಸರು ಬರೆದು ತೆಗೆದಿಡಿ.

ಈಗ ಇಮೇಜಿನ ಒಳಗಿನಿಂದ ಮೂರು ಜಾಗ ನೋಡಿ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿ ನಕಲು ಮಾಡಿಕೊಳ್ಳಿ, ಮುಂದೆ ಇದರ ಬೆಲೆ ಗೊತ್ತಾಗುತ್ತದೆ. ಪ್ರೋಗ್ರಾಂ ಫೈಲ್ಸ್ ನೋಡಿದರೆ ಯಾವ ಯಾವ ಸಾಫ್ಟ್‌ವೇರಿನ ಯಾವ ಆವೃತ್ತಿ ಇತ್ತು ಎಂಬ ಪಟ್ಟಿ ಸಿಗುತ್ತದೆ. ಮೂರನೆಯದು ಡ್ರೈವರ್‌ಗಳು, ಅಂದರೆ ಕಾರ್ಡುಗಳನ್ನು ವಿಂಡೋಸಿಗೆ ಪರಿಚಯಿಸುವ ಪ್ರೋಗ್ರಾಂಗಳು. ಹಳೆಯ ಅಸೆಂಬಲ್ ಮಾಡುವವರು ಅವನ್ನು ಡಿ ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟು ಹೋಗಿರುತ್ತಿದ್ದರು.

ಹೊಸ ಡಿಸ್ಕ್, ಹಳೆಯ ಮಿತಿಗಳು

ಹಳೆಯ ಡಿಸ್ಕಿನ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಮತ್ತು 40 ಪಿನ್ನಿನ ಐಡಿಇ ಅಡಾಪ್ಟರ್ ಸೊಗಸಾಗಿ ಹೊಂದುತ್ತದೆ. 8 ಅಥವಾ 16 ಜಿಬಿ ಸಾಕು. ಕ್ಯಾಮೆರಾಗೆಂದು ಮಾಡಿದ ಕೆಲವು ಕಾರ್ಡುಗಳು ತಮ್ಮನ್ನು ತೆಗೆಯಬಹುದಾದ ಡ್ರೈವ್ ಎಂದು ಹೇಳಿಕೊಳ್ಳುವುದರಿಂದ ತೊಂದರೆ ಕೊಡುತ್ತವೆ. ಇಂಡಸ್ಟ್ರಿಯಲ್ ಎಂದು ಮಾರುವ ಕಾರ್ಡುಗಳಲ್ಲಿ ಈ ರಗಳೆ ಇಲ್ಲ. ಸಾಟಾ ಎಸ್‌ಎಸ್‌ಡಿಯನ್ನು ಐಡಿಇ ಅಡಾಪ್ಟರಿನೊಂದಿಗೆ ಹಾಕಲೂಬಹುದು, ಆದರೆ ಗಾತ್ರದ ಮೇಲೆ ಕಣ್ಣಿಡಿ. 1999ರ ಮಧ್ಯದವರೆಗಿನ ಹಲವು ಅವಾರ್ಡ್ ಬಯೋಸ್‌ಗಳು 32 ಜಿಬಿಗಿಂತ ದೊಡ್ಡ ಡಿಸ್ಕ್ ಕಂಡರೆ ಬೂಟ್ ಆಗುವಾಗಲೇ ನಿಂತುಬಿಡುತ್ತವೆ. ವಿಂಡೋಸ್ 98ರಲ್ಲಿ ಡಿಸ್ಕನ್ನು ಪಾರ್ಟಿಷನ್ (ಭಾಗ) ಮಾಡುವ ಎಫ್‌ಡಿಸ್ಕ್ 64 ಜಿಬಿ ಮೀರಿದ ಡಿಸ್ಕಿನ ಅಳತೆಯನ್ನು ತಪ್ಪಾಗಿ ತೋರಿಸುತ್ತದೆ. ವಿಂಡೋಸ್ 98ರ ಡಿಸ್ಕ್ ಡ್ರೈವರಿನ ಮಿತಿ 137 ಜಿಬಿ. ಅದನ್ನು ದಾಟಿ ಬರೆಯಲು ಹೋದರೆ ಡಿಸ್ಕಿನ ಆರಂಭದ ಭಾಗವೇ ಅಳಿಸಿಹೋಗಬಹುದು. 16 ಜಿಬಿ ಕಾರ್ಡು ಹಾಕಿದವರಿಗೆ ಇವು ಯಾವುದೂ ತಾಗುವುದಿಲ್ಲ.

ಯಾವ ಆಪರೇಟಿಂಗ್ ಸಿಸ್ಟಂ?

ಕೆಲಸ ನೋಡಿ ತೀರ್ಮಾನಿಸಿ. ಪೇಜ್‌ಮೇಕರ್, ಹಳೆಯ ನುಡಿ, ಆ ಕಾಲದ ಆಟಗಳು ಬೇಕಿದ್ದರೆ 1999ರಲ್ಲಿ ಬಂದ ವಿಂಡೋಸ್ 98 ಸೆಕೆಂಡ್ ಎಡಿಷನ್ನೇ ಸರಿ. ಡಾಸ್ (ವಿಂಡೋಸಿಗೂ ಹಿಂದಿನ, ಆಜ್ಞೆ ಟೈಪ್ ಮಾಡಿ ನಡೆಸುವ ಸಿಸ್ಟಂ) ಪ್ರೋಗ್ರಾಂಗಳೂ ಅದರಲ್ಲೇ ನಡೆಯುತ್ತವೆ, ಬೇಕೆಂದಾಗ ಶುದ್ಧ ಡಾಸಿಗೆ ಹೊರಡಬಹುದು. ವರ್ಡ್‌ಸ್ಟಾರ್, ಲೋಟಸ್ 1-2-3, ಫಾಕ್ಸ್‌ಪ್ರೊ, ಡಾಸ್ ಟ್ಯಾಲಿ ಇಷ್ಟೇ ಸಾಕೆನ್ನುವವರಿಗೆ ಫ್ರೀಡಾಸ್ 1.3 ಅಥವಾ 1.4 ಇದೆ. ಉಚಿತ, ಫ್ಯಾಟ್32 ಎಂಬ ಡಿಸ್ಕ್ ರೂಪವನ್ನು ಓದುತ್ತದೆ. ಎಂಎಸ್-ಡಾಸ್ 6.22ರಲ್ಲಿ ಒಂದು ಪಾರ್ಟಿಷನ್ 2 ಜಿಬಿ ಮೀರುವಂತಿಲ್ಲ.

ಯೂನಿಕೋಡ್ (ಇವತ್ತು ಎಲ್ಲೆಡೆ ಬಳಸುವ ಏಕರೂಪದ ಅಕ್ಷರ ಸಂಕೇತ) ಕನ್ನಡ ಆ ಯಂತ್ರದಲ್ಲೇ ಕಾಣಬೇಕೆಂದರೆ ಎಕ್ಸ್‌ಪಿ ಹಾಕಬೇಕು. ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಇದ್ದವು. ಕನ್ನಡ ಮತ್ತು ತುಂಗಾ ಫಾಂಟು ಬಂದದ್ದು ಎಕ್ಸ್‌ಪಿಯೊಂದಿಗೆ. ಕಂಟ್ರೋಲ್ ಪ್ಯಾನಲಿನ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್ ತೆರೆದು, ಲ್ಯಾಂಗ್ವೇಜಸ್ ಟ್ಯಾಬಿನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಕಡತಗಳ ಚೌಕಕ್ಕೆ ಗುರುತು ಹಾಕಿ. ಎಕ್ಸ್‌ಪಿ ಸಿಡಿ ಕೇಳುತ್ತದೆ, ಕೈಯಲ್ಲಿಟ್ಟುಕೊಳ್ಳಿ. ರ‍್ಯಾಮ್ 256 ಎಂಬಿಗಿಂತ ಕಡಿಮೆಯಿದ್ದರೆ ಎಕ್ಸ್‌ಪಿಯ ಆಸೆ ಬಿಡಿ.

ಲಿನಕ್ಸ್ ಪ್ರಿಯರಿಗೆ 32 ಬಿಟ್ಟಿನ ಆಂಟಿಎಕ್ಸ್ 23 ಇದೆ, 256 ಎಂಬಿಯಲ್ಲಿ ಶುರುವಾಗುತ್ತದೆ. ಇನ್ನೂ ಚಿಕ್ಕದೆಂದರೆ ಟೈನಿ ಕೋರ್. ಆದರೆ ಇವತ್ತಿನ ಬ್ರೌಸರುಗಳು ಎಸ್‌ಎಸ್‌ಇ2 ಎಂಬ ಪ್ರೊಸೆಸರ್ ಸೂಚನೆಗಳ ಗುಂಪನ್ನು ಬೇಡುತ್ತವೆ. ಅದು ಪೆಂಟಿಯಂ 3ರಲ್ಲೂ ಇಲ್ಲ, ಅಥ್ಲಾನ್ ಎಕ್ಸ್‌ಪಿಯಲ್ಲೂ ಇಲ್ಲ, ಪೆಂಟಿಯಂ 4ರಿಂದ ಬಂದದ್ದು. ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಪ್ರೋಗ್ರಾಂ ಸತ್ತರೆ ಕಾರಣ ಇದೇ. ರ‍್ಯಾಮ್ ಏರಿಸಿದರೂ ಅದು ಬದಲಾಗದು.

ಮುಂದಿನ ಭಾಗವೆಲ್ಲ ವಿಂಡೋಸ್ 98 ಸೆಕೆಂಡ್ ಎಡಿಷನ್ನಿಗೆ ಸಂಬಂಧಿಸಿದ್ದು.

ವಿಂಡೋಸ್ 98 ಕೂರಿಸುವ ಕ್ರಮ

1. 98ರ ಬೂಟ್ ಫ್ಲಾಪಿ ಅಥವಾ ಸಿಡಿಯಿಂದ ಆರಂಭಿಸಿ, ಸಿಡಿ-ರಾಮ್ ಸಪೋರ್ಟ್ ಇರುವ ಆಯ್ಕೆ ತೆಗೆದುಕೊಳ್ಳಿ.
2. ಎಫ್‌ಡಿಸ್ಕ್ ಓಡಿಸಿ, ದೊಡ್ಡ ಡಿಸ್ಕ್ ಸಪೋರ್ಟಿಗೆ ವೈ ಒತ್ತಿ, 4 ಜಿಬಿ ಪ್ರೈಮರಿ ಪಾರ್ಟಿಷನ್ ಮಾಡಿ. ಅದನ್ನು ಆಕ್ಟಿವ್ ಎಂದು ಗುರುತಿಸದಿದ್ದರೆ ಬೂಟ್ ಆಗುವುದಿಲ್ಲ. ಕಾರ್ಡಿನ ಕೊನೆಯಲ್ಲಿ 500 ಎಂಬಿ ಖಾಲಿ ಬಿಟ್ಟು, ಉಳಿದದ್ದು ದತ್ತಾಂಶಕ್ಕೆ ಎರಡನೇ ಪಾರ್ಟಿಷನ್.
3. ರೀಬೂಟ್ ಮಾಡಿಯೇ ಫಾರ್ಮ್ಯಾಟ್ ಮಾಡಿ. ರೀಬೂಟ್ ಆಗದೆ ಹೊಸ ಪಾರ್ಟಿಷನ್ ಡಾಸಿಗೆ ಕಾಣದು.
4. ಮೊದಲು ಡಿಸ್ಕ್ ಕೆಲಸವನ್ನು ವೇಗಗೊಳಿಸುವ ಸ್ಮಾರ್ಟ್‌ಡ್ರೈವ್ ಓಡಿಸಿಕೊಂಡು, ಸಿಡಿಯ ವಿನ್98 ಫೋಲ್ಡರನ್ನು ಸಿ ಡ್ರೈವಿಗೆ ನಕಲು ಮಾಡಿ. ಸ್ಮಾರ್ಟ್‌ಡ್ರೈವ್ ಇಲ್ಲದಿದ್ದರೆ ನಕಲು ತೀರಾ ನಿಧಾನ.
5. ಸೆಟಪ್ಪನ್ನು ಆ ನಕಲಿನಿಂದಲೇ ಓಡಿಸಿ. ಮುಂದೆ ಪ್ರತಿ ಡ್ರೈವರ್ ಹಾಕುವಾಗಲೂ ವಿಂಡೋಸ್ ಸಿಡಿ ಕೇಳುತ್ತದೆ. ಕಡತಗಳು ಡಿಸ್ಕಿನಲ್ಲೇ ಇದ್ದರೆ ಆ ಕಾಟ ತಪ್ಪುತ್ತದೆ.

512 ಎಂಬಿಗಿಂತ ಹೆಚ್ಚು ರ‍್ಯಾಮ್ ಇದ್ದರೆ ‘ಮೆಮೊರಿ ಸಾಲದು’ ಎಂಬ ವಿಚಿತ್ರ ದೂರು ಬರಬಹುದು. ವಿಂಡೋಸ್ 98 ತನ್ನ ಡಿಸ್ಕ್ ಕ್ಯಾಶಿಗೆ (ಡಿಸ್ಕಿನಿಂದ ಓದಿದ್ದನ್ನು ರ‍್ಯಾಮಿನಲ್ಲಿ ಇಟ್ಟುಕೊಳ್ಳುವ ಜಾಗ) ಅಗತ್ಯಕ್ಕಿಂತ ಹೆಚ್ಚು ವಿಳಾಸ ಕಾಯ್ದಿರಿಸಿಕೊಂಡು ಉಳಿದವರಿಗೆ ಜಾಗ ಬಿಡದಿರುವುದೇ ಇದಕ್ಕೆ ಕಾರಣ. ಸಿಸ್ಟಂ ಡಾಟ್ ಐಎನ್‌ಐ ಕಡತದ ವಿಕ್ಯಾಶ್ ವಿಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಬೆಲೆಯನ್ನು 262144 ಎಂದು ಬರೆಯಿರಿ. ಇದಕ್ಕಿಂತ ಸುಲಭ ದಾರಿ, ಹೆಚ್ಚಿನ ರ‍್ಯಾಮ್ ಕಿತ್ತಿಡುವುದು.

ಡ್ರೈವರ್‌ಗಳ ಸರದಿ ಮುಖ್ಯ: ಮೊದಲು ಚಿಪ್‌ಸೆಟ್, ಆಮೇಲೆ ಗ್ರಾಫಿಕ್ಸ್, ಧ್ವನಿ, ಕೊನೆಗೆ ನೆಟ್‌ವರ್ಕ್. ಇಂಟೆಲ್ 815 ಬೋರ್ಡಿಗೆ ಇಂಟೆಲ್ಲಿನ ಚಿಪ್‌ಸೆಟ್ ಐಎನ್‌ಎಫ್ ಪ್ಯಾಕೇಜು, ವಯಾ ಬೋರ್ಡಿಗೆ 4-ಇನ್-1. ಇದನ್ನು ಹಾಕದೆ ಗ್ರಾಫಿಕ್ಸ್ ಡ್ರೈವರ್ ಹಾಕಿದರೆ ಎಜಿಪಿ (ಗ್ರಾಫಿಕ್ಸ್ ಕಾರ್ಡಿನ ಜೋಡಣೆ) ಸರಿಯಾಗಿ ನಡೆಯದೆ ಪರದೆ ಹೆಪ್ಪುಗಟ್ಟುತ್ತದೆ. ಕಾರ್ಡು ಯಾವುದೆಂದು ತಿಳಿಯದಿದ್ದರೆ ಪೆಟ್ಟಿಗೆಯ ಹೆಸರು ಹುಡುಕಬೇಡಿ, ಚಿಪ್ಪಿನ ಮೇಲಿನ ಸಂಖ್ಯೆ ಓದಿ. ನೆಟ್‌ವರ್ಕ್ ಕಾರ್ಡಿನಲ್ಲಿ ಬಹುತೇಕ ಆರ್‌ಟಿಎಲ್8139 ಎಂದಿರುತ್ತದೆ. ಸೌಂಡ್ ಬ್ಲಾಸ್ಟರ್ ಕಾರ್ಡುಗಳಲ್ಲಿ ಸಿಟಿ ಎಂದು ಶುರುವಾಗಿ ನಾಲ್ಕು ಅಂಕಿಗಳಿರುತ್ತವೆ. ಗ್ರಾಫಿಕ್ಸಿಗೆ ಡ್ರೈವರ್ ಸಿಗದೇ ಹೋದರೆ ವಿಬಿಇಎಂಪಿ ಎಂಬ ಸಾಮಾನ್ಯ ಡ್ರೈವರ್ 16 ಬಣ್ಣದ ಪರದೆಯಿಂದ ಪಾರುಮಾಡುತ್ತದೆ. ಆಟಗಳಿಗೆ ಅದು ಸಾಲದು, ಪುಟ ವಿನ್ಯಾಸಕ್ಕೆ ಸಾಕು.

ಪೆನ್‌ಡ್ರೈವ್ ಗುರುತಿಸಲು ಎನ್‌ಯುಎಸ್‌ಬಿ 3.3 ಎಂಬ ಡ್ರೈವರ್ ಕಟ್ಟು ಹಾಕಿ. ಹಾಕುವ ಮೊದಲು ಡಿವೈಸ್ ಮ್ಯಾನೇಜರಿನಲ್ಲಿ ಹಿಂದಿನ ಯುಎಸ್‌ಬಿ ಡ್ರೈವರ್‌ಗಳನ್ನೂ ಗುರುತು ಸಿಗದ ಸಾಧನಗಳನ್ನೂ ತೆಗೆದುಹಾಕಿ. ಪೆನ್‌ಡ್ರೈವ್ ಫ್ಯಾಟ್32 ಆಗಿರಬೇಕು. ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಇದಕ್ಕೆ ಓದಲು ಬರುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲೇ ಡಿಸ್ಕಿನ ಸೆಟ್ಟಿಂಗ್ಸಿಗೆ ಹೋಗಿ ಡಿಎಂಎ (ಡಿಸ್ಕಿನಿಂದ ರ‍್ಯಾಮಿಗೆ ನೇರ ಸಾಗಿಸುವ ವಿಧಾನ) ಗುರುತು ಹಾಕಿ, ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಡಿಎಂಎ ಒಪ್ಪದ ಫ್ಲ್ಯಾಶ್ ಕಾರ್ಡಾದರೆ ಮುಂದಿನ ಬೂಟ್‌ನಲ್ಲಿ ನಿಂತುಹೋಗುತ್ತದೆ. ಆಗ ಎಫ್8 ಒತ್ತಿ ಸೇಫ್ ಮೋಡಿಗೆ ಹೋಗಿ ಗುರುತು ತೆಗೆಯಿರಿ.

ದಿನಬಳಕೆಗೆ ಬೇಕಾದವು

ಬರವಣಿಗೆಗೆ ಆಫೀಸ್ 97 ಅಥವಾ 2000. ಆಫೀಸ್ 2003 ವಿಂಡೋಸ್ 98ರಲ್ಲಿ ಕೂರುವುದೇ ಇಲ್ಲ. ಲೈಸೆನ್ಸ್ ಇಲ್ಲದವರಿಗೆ ಓಪನ್ ಆಫೀಸ್ 2.4.3 ಇದೆ. ವಿಂಡೋಸ್ 98ಕ್ಕೆ ಅದೇ ಕೊನೆಯದು, ತುಸು ಭಾರ, ಆದರೆ ಪಿಡಿಎಫ್ ಮಾಡಿಕೊಡುತ್ತದೆ. ಸಂಕುಚಿತ ಕಡತಗಳಿಗೆ 7-ಜಿಪ್ 9.20, ಹಾಡಿಗೆ ವಿನ್‌ಆಂಪ್ 2.95, ವಿಡಿಯೊಗೆ ವಿಎಲ್‌ಸಿ 0.8.6. ಪೆಂಟಿಯಂ 3 ಸಿಡಿ ಕಾಲದ ವಿಡಿಯೊವನ್ನು ಸಲೀಸಾಗಿ ಓಡಿಸುತ್ತದೆ, ಮೊಬೈಲಿನ ವಿಡಿಯೊ ತಡವರಿಸುತ್ತದೆ. ಸಿ ಕಲಿಯುವವರಿಗೆ ಟರ್ಬೊ ಸಿ ನೆನಪಾಗುವುದು ಸಹಜ. ಓಪನ್ ವಾಟ್ಕಾಂ ಉಚಿತವಾಗಿ ಸಿಗುತ್ತದೆ ಮತ್ತು ಹೆಚ್ಚು ಶಕ್ತ.

ಟ್ಯಾಲಿ ಬೆಂಗಳೂರಿನ ತಂತ್ರಾಂಶ. 1990ರ ದಶಕದ 4.5 ಡಾಸಿನದು. ಹಳೆಯ ಲೆಕ್ಕ ನೋಡುವುದಷ್ಟೇ ಉದ್ದೇಶವಾದರೆ ಯಾವ ಆವೃತ್ತಿಯಲ್ಲಿ ಬರೆದದ್ದೋ ಅದೇ ಆವೃತ್ತಿ ಹಾಕಿ. ಹೊಸ ಆವೃತ್ತಿಯಲ್ಲಿ ತೆರೆದರೆ ದತ್ತಾಂಶದ ರೂಪ ಬದಲಾಗಿ ಹಿಂದಕ್ಕೆ ಬರಲು ದಾರಿ ಇರುವುದಿಲ್ಲ, ಹಾಗಾಗಿ ಡೇಟಾ ಫೋಲ್ಡರಿನ ನಕಲಿನ ಮೇಲಷ್ಟೇ ಪ್ರಯೋಗ ಮಾಡಿ. 7.2ರಂಥ ವಿಂಡೋಸ್ ಆವೃತ್ತಿಗಳಲ್ಲಿ ಲೆಡ್ಜರ್, ಡೇಬುಕ್ ತೆರೆದು ಆಲ್ಟ್ ಜೊತೆ ಇ ಒತ್ತಿದರೆ ಎಕ್ಸ್‌ಪೋರ್ಟ್ ಬರುತ್ತದೆ. ಅಲ್ಪವಿರಾಮದಿಂದ ಬೇರ್ಪಡಿಸಿದ ರೂಪ ಆರಿಸಿದರೆ ಇವತ್ತಿನ ಎಕ್ಸೆಲ್ ಅದನ್ನು ಓದುತ್ತದೆ.

ಕನ್ನಡದ ಕಡತಗಳು

ಹಳೆಯ ಯಂತ್ರದ ಅತಿ ದೊಡ್ಡ ಉಪಯೋಗ ಇಲ್ಲಿದೆ. ಆ ಕಾಲದಲ್ಲಿ ಕನ್ನಡ ಅಕ್ಷರ ಎಂಬುದು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ ಚಿತ್ರವಾಗಿತ್ತು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಗುರುತುಗಳು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ‘ನುಡಿ’ ರೂಪಿಸಿತು, ಅದರ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸ. ಗ್ಲಿಫ್ ಸಂಕೇತ (ಯಾವ ಸ್ಥಾನದಲ್ಲಿ ಯಾವ ಅಕ್ಷರಚಿತ್ರ ಎಂಬ ಪಟ್ಟಿ) ನಿಗದಿಯಾದ ನಂತರದ ನುಡಿ ಮತ್ತು ಬರಹದ ಫಾಂಟುಗಳು ಬಹುಮಟ್ಟಿಗೆ ಒಂದೇ ಸಂಕೇತದವು. ಶ್ರೀಲಿಪಿಯದು ಬೇರೆಯೇ. ಆದ್ದರಿಂದ ‘ಯಾವುದೋ ಒಂದು ಕನ್ನಡ ಫಾಂಟು’ ಹಾಕಿ ತೆರೆದರೆ ಪುಟ ಹಾಳಾದಂತೆ ಕಾಣುತ್ತದೆ. ಹಳೆಯ ಡಿಸ್ಕಿನಿಂದ ನಕಲು ಮಾಡಿದ ಫಾಂಟ್ಸ್ ಫೋಲ್ಡರ್ ಈಗ ನೆರವಿಗೆ ಬರುತ್ತದೆ. ಅದರಿಂದ ಕನ್ನಡದವನ್ನು ಮಾತ್ರ ಆಯ್ದು ಹಾಕಿ. ಫಾಂಟುಗಳು ಸಾವಿರದ ಹತ್ತಿರ ಹೋದರೆ ವಿಂಡೋಸ್ 98 ಕೆಲವನ್ನು ಪಟ್ಟಿಯಿಂದಲೇ ಬಿಟ್ಟುಬಿಡುತ್ತದೆ.

ಕೆಲವು ಡಿಟಿಪಿ ಪ್ಯಾಕೇಜುಗಳಿಗೆ ಪ್ರಿಂಟರ್ (ಪ್ಯಾರಲಲ್) ಪೋರ್ಟಿಗೆ ಸಿಕ್ಕಿಸುವ ಡಾಂಗಲ್ (ಲೈಸೆನ್ಸ್ ಕೀಲಿಯ ತುಂಡು) ಬೇಕು. ಡಾಂಗಲ್ ಇದ್ದೂ ಗುರುತಿಸದಿದ್ದರೆ ಬಯೋಸಿನಲ್ಲಿ ಪ್ಯಾರಲಲ್ ಪೋರ್ಟನ್ನು ಇಸಿಪಿಯಿಂದ ಎಸ್‌ಪಿಪಿ ಅಥವಾ ಇಪಿಪಿಗೆ ಬದಲಿಸಿ ನೋಡಿ.

ಪೇಜ್‌ಮೇಕರ್ 6.5 ಕಡತವನ್ನು ಅದರದೇ ಆವೃತ್ತಿಯಲ್ಲಿ ತೆರೆದು, ಶಾಶ್ವತವಾಗಿ ಉಳಿಯುವಂತೆ ಪಿಡಿಎಫ್ ಮಾಡುವುದು ಹೀಗೆ. ವಿಂಡೋಸ್ 98ರ ಪ್ರಿಂಟರ್ ಪಟ್ಟಿಯಿಂದ ಆಪಲ್ ಲೇಸರ್‌ರೈಟರಿನಂಥ ಒಂದು ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ವಿವರಿಸುವ ಭಾಷೆ) ಪ್ರಿಂಟರನ್ನು ಸೇರಿಸಿ, ಪೋರ್ಟ್ ಎಂದು ‘ಫೈಲ್’ ಕೊಡಿ. ನಿಜವಾದ ಪ್ರಿಂಟರ್ ಬೇಕಿಲ್ಲ. ಪೇಜ್‌ಮೇಕರಿನ ಪ್ರಿಂಟ್ ಕಿಟಕಿಯಲ್ಲಿ ಅದನ್ನು ಆರಿಸಿ, ಆಪ್ಷನ್ಸಿನೊಳಗೆ ‘ರೈಟ್ ಪೋಸ್ಟ್‌ಸ್ಕ್ರಿಪ್ಟ್ ಟು ಫೈಲ್’ ಗುರುತು ಹಾಕಿ, ಡೌನ್‌ಲೋಡ್ ಫಾಂಟ್ಸ್ ಎಂಬಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಮತ್ತು ಟ್ರೂಟೈಪ್ ಎರಡೂ ಇರುವ ಆಯ್ಕೆ ಕೊಡಿ. ಇದನ್ನು ಮರೆತರೆ ಪಿಡಿಎಫ್‌ನಲ್ಲಿ ಕನ್ನಡದ ಬದಲು ರೋಮನ್ ಅಕ್ಷರ ಬರುತ್ತದೆ. ಸಿಕ್ಕ ಕಡತವನ್ನು ಹೊಸ ಕಂಪ್ಯೂಟರಿಗೆ ಒಯ್ದು ಘೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಂನಲ್ಲಿ ಪಿಡಿಎಫ್ ಮಾಡಿ. ಕಪ್ಪು-ಬಿಳುಪು ಪ್ರಿಂಟರ್ ಆರಿಸಿದ್ದರೆ ಬಣ್ಣ ಹೋಗುತ್ತದೆ. ಬಣ್ಣದ ಮುಖಪುಟಕ್ಕೆ ಕಲರ್ ಪೋಸ್ಟ್‌ಸ್ಕ್ರಿಪ್ಟ್ ಮಾದರಿ ಆರಿಸಿ.

ಪಠ್ಯವನ್ನು ತಿದ್ದಲು ಬರುವಂತೆ ಹೊರತೆಗೆಯಲು ಅದನ್ನು ಆರ್‌ಟಿಎಫ್ ಅಥವಾ ಟೆಕ್ಸ್ಟ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಹೊಸ ಕಂಪ್ಯೂಟರಿನಲ್ಲಿ ಆಸ್ಕಿ (ಹಳೆಯ ಫಾಂಟಿನ ಸಂಕೇತ)–ಯೂನಿಕೋಡ್ ಪರಿವರ್ತಕಕ್ಕೆ ಕೊಡಿ. ಪರಿವರ್ತನೆ ಆದೊಡನೆ ಅರ್ಕಾವೊತ್ತು ಇರುವ ಪದಗಳನ್ನು ಹುಡುಕಿ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಈ ಸ್ಥಾನಪಲ್ಲಟ ಮಾಡದಿದ್ದರೆ ‘ಸೂರ್ಯ’ ಹೋಗಿ ‘ಸೂಯರ್’, ‘ಧರ್ಮ’ ಹೋಗಿ ‘ಧಮರ್’, ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ. ಇಂಗ್ಲಿಷ್ ಪದಗಳು ನಡುವೆ ಇದ್ದರೆ ಅವೂ ಕನ್ನಡದ ಚೂರುಗಳಾಗಿ ಬದಲಾಗುತ್ತವೆ, ಅವನ್ನು ಮೊದಲೇ ಬೇರೆ ಮಾಡಿಡಬೇಕು.

ಕಡತ ಸಾಗಣೆ ಮತ್ತು ಇಂಟರ್ನೆಟ್

ಪೆನ್‌ಡ್ರೈವ್ ಆಗದಿದ್ದರೆ ಸಿಡಿ ಬರೆಯಿರಿ, ಜೋಲಿಯೆಟ್ ರೂಪದಲ್ಲಿ, ಕಡಿಮೆ ವೇಗದಲ್ಲಿ, ಕೊನೆಗೆ ಫೈನಲೈಸ್ ಮಾಡಿ. ನೆಟ್‌ವರ್ಕ್ ಮೂಲಕವಾದರೆ ಎಫ್‌ಟಿಪಿ (ಕಡತ ಸಾಗಿಸುವ ಹಳೆಯ ವಿಧಾನ) ಸುಲಭ. ವಿಂಡೋಸ್ ಶೇರಿಂಗ್ ಹೊಸ ವಿಂಡೋಸಿನೊಂದಿಗೆ ಹೊಂದುವುದಿಲ್ಲ, ಏಕೆಂದರೆ ಅದು ಬಳಸುವ ಹಳೆಯ ಎಸ್‌ಎಂಬಿ 1 ವಿಧಾನ ಈಗ ಮುಚ್ಚಿರುತ್ತದೆ. ಸಣ್ಣ ಕೆಲಸಕ್ಕೆಂದು ಅದನ್ನು ತೆರೆಯುವುದು ಬೇಡ. ವಿಂಡೋಸ್ 98ರ ಸ್ವಂತ ಎಫ್‌ಟಿಪಿ ಆಜ್ಞೆಗೆ ಆಕ್ಟಿವ್ ವಿಧಾನ ಮಾತ್ರ ಗೊತ್ತು. ಲಾಗಿನ್ ಆಗಿಯೂ ಕಡತ ಪಟ್ಟಿ ಬಾರದಿದ್ದರೆ ಹೊಸ ಕಂಪ್ಯೂಟರಿನ ಫೈರ್‌ವಾಲ್ ತಡೆಯುತ್ತಿರಬಹುದು. ಶುದ್ಧ ಡಾಸ್ ಆದರೆ ಕಾರ್ಡಿನ ಪ್ಯಾಕೆಟ್ ಡ್ರೈವರ್ ಜೊತೆ ಎಂಟಿಸಿಪಿ ಎಂಬ ನೆಟ್‌ವರ್ಕ್ ಪ್ರೋಗ್ರಾಂ ಕಟ್ಟು ಚೆನ್ನಾಗಿ ನಡೆಯುತ್ತದೆ.

ಇಂಟರ್ನೆಟ್ಟಿಗೆ ನೇರ ಬಿಡಬೇಡಿ. ವಿಂಡೋಸ್ 98ರ ಭದ್ರತಾ ತಿದ್ದುಪಡಿ 2006ರ ಜುಲೈಯಲ್ಲಿ ನಿಂತಿತು, ಎಕ್ಸ್‌ಪಿಯದು 2014ರ ಏಪ್ರಿಲ್‌ನಲ್ಲಿ. ಫೈರ್‌ಫಾಕ್ಸ್ 2 ಇವತ್ತಿನ ಬಹುತೇಕ ತಾಣಗಳ ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ ವಿಧಾನ) ಅರಿಯದೆ ಬಾಗಿಲಲ್ಲೇ ನಿಲ್ಲುತ್ತದೆ. ಸರಳ ಪುಟಗಳಿಗೆ ಟಿಎಲ್‌ಎಸ್ 1.2 ಬಲ್ಲ ರೆಟ್ರೊಜಿಲ್ಲಾ ಬ್ರೌಸರ್ ಇದೆ. ಇಲ್ಲವಾದರೆ ಹೊಸ ಕಂಪ್ಯೂಟರಿನಲ್ಲಿ ವೆಬ್‌ಒನ್ ಪ್ರಾಕ್ಸಿ (ಪುಟಗಳನ್ನು ತಂದು ಹಳೆಯ ಯಂತ್ರಕ್ಕೆ ದಾಟಿಸುವ ಪ್ರೋಗ್ರಾಂ) ನಡೆಸಿ ಅದರ ಮೂಲಕ ನೋಡಬಹುದು. ಬ್ಯಾಂಕು, ಮಿಂಚಂಚೆ, ಪಾಸ್‌ವರ್ಡ್ ಯಾವುದನ್ನೂ ಇದರಲ್ಲಿ ಮುಟ್ಟಬೇಡಿ.

ಎಲ್ಲ ಕೂತು ಒಂದು ವಾರ ತೊಂದರೆಯಿಲ್ಲದೆ ನಡೆದ ಮೇಲೆ ಫ್ಲ್ಯಾಶ್ ಕಾರ್ಡನ್ನು ತೆಗೆದು ಅದರ ಪೂರ್ಣ ಇಮೇಜ್ ಮಾಡಿಕೊಳ್ಳಿ. ಜೊತೆಗೊಂದು ಟೆಕ್ಸ್ಟ್ ಕಡತದಲ್ಲಿ ಬೋರ್ಡಿನ ಮಾದರಿ, ಬಯೋಸ್ ಸೆಟ್ಟಿಂಗ್, ಹಾಕಿದ ಡ್ರೈವರ್‌ಗಳ ಆವೃತ್ತಿ ಮತ್ತು ಸರದಿ, ಸಿಡಿ ಕೀಲಿಗಳನ್ನು ಬರೆದಿಡಿ. ವಿಂಡೋಸ್ ಕೀಲಿ ಕ್ಯಾಬಿನೆಟ್ಟಿನ ಮೇಲಿನ ಚೀಟಿಯಲ್ಲಿದ್ದರೆ ಅದು ಮಾಸುವ ಮೊದಲು ಫೋಟೊ ತೆಗೆಯಿರಿ. ಕಾರ್ಡು ಕೆಟ್ಟ ದಿನ ಅದೇ ಅಳತೆಯ ಅಥವಾ ಅದಕ್ಕಿಂತ ಸ್ವಲ್ಪ ದೊಡ್ಡ ಕಾರ್ಡಿಗೆ ಇಮೇಜ್ ಬರೆದರೆ ಯಂತ್ರ ಮತ್ತೆ ಶುರುವಾಗುತ್ತದೆ. ಒಂದು ಸೆಕ್ಟರಿನಷ್ಟು ಚಿಕ್ಕದಾದರೂ ಕೊನೆಯ ಪಾರ್ಟಿಷನ್ ತುಂಡಾಗುತ್ತದೆ. ಈ ಕಾರಣಕ್ಕೆ ಮೊದಲ ಸಲ ಪಾರ್ಟಿಷನ್ ಮಾಡುವಾಗಲೇ ಕಾರ್ಡಿನ ಕೊನೆಯಲ್ಲಿ 500 ಎಂಬಿ ಖಾಲಿ ಬಿಡಿ.